ದೋಷವಾಕ್ಯದ ಆಕಾಂಕ್ಷೆ: ಸರಣಿಯ ವಾಕ್ಯರಚನೆಯನ್ನು ಕುರಿತು ಒಂದು ವಿಮರ್ಶೆ

ಪದಗಳ ರಾಶಿಯೆಲ್ಲ ವಾಕ್ಯವಾಗುವುದಿಲ್ಲವೆಂಬುದು ನಮ್ಮ ಶಾಸ್ತ್ರಕಾರರ ಹಳೆಯ ಮಾತು. ಪದಗಳು ಕೂಡಿ ಅರ್ಥವನ್ನು ಕೊಡಬೇಕಾದರೆ ಅವುಗಳಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನೈಯಾಯಿಕರು ನಿರ್ಣಯಿಸಿದ್ದಾರೆ. ಒಂದು ಪದವನ್ನು ಕೇಳಿದೊಡನೆ ಅದಕ್ಕೆ ಕೂಡತಕ್ಕ ಇನ್ನೊಂದಕ್ಕಾಗಿ ಕೇಳುಗನ ಬುದ್ಧಿ ಕಾದು ನಿಲ್ಲುವುದು ಆಕಾಂಕ್ಷೆ. ಅರ್ಥಗಳು ಒಂದನ್ನೊಂದು ಬಾಧಿಸದಿರುವುದು ಯೋಗ್ಯತೆ. ಪದಗಳು ವಿಳಂಬವಿಲ್ಲದೆ ಒಂದರ ಬಳಿಯಲ್ಲೊಂದು ಬರುವುದು ಸನ್ನಿಧಿ. ಆಕಾಂಕ್ಷೆಯಿಲ್ಲದ ಮಾತಿಗೆ ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಕೊಡುವ ಉದಾಹರಣೆ ಬಹು ಸರಳವಾದುದು. ಹಸು, ಕುದುರೆ, ಮನುಷ್ಯ, ಆನೆ ಎಂದು ನಾಲ್ಕು ಹೆಸರುಗಳನ್ನು ಸಾಲಾಗಿ ಹೇಳಿದರೆ ಅದು ವಾಕ್ಯವಾಗದು. ಏಕೆಂದರೆ ಒಂದು ಹೆಸರು ಮತ್ತೊಂದನ್ನು ಬಯಸುವುದಿಲ್ಲ.

ಹೆಸರುಗಳ ಬರಿಯ ಸಾಲೇ ವಾಕ್ಯವಾಗಬಲ್ಲ ಭಾಷೆಗಳು ಈಗ ನಮ್ಮ ಕಾಲೇಜುಗಳ ಪಾಠಕ್ರಮದಲ್ಲಿ ಬಂದು ಸೇರಿವೆ. ಜಾಲಪುಟಗಳನ್ನು ರಚಿಸಲು ಬಳಸುವ ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ‘ಅರೇ’ ಎಂದು ಕರೆಯುವ ರಚನೆಯೊಂದಿದೆ. ಕನ್ನಡದಲ್ಲಿ ಅದನ್ನು ಸರಣಿ ಎನ್ನಬಹುದು. ಅನೇಕ ಹೆಸರುಗಳನ್ನೋ ಸಂಖ್ಯೆಗಳನ್ನೋ ಒಂದೇ ಆವರಣದೊಳಗೆ ಕ್ರಮವಾಗಿ ಇಟ್ಟು, ಒಟ್ಟಿಗೆ ಒಂದು ಹೆಸರಿನಿಂದ ಕರೆಯುವುದೇ ಸರಣಿ. ಇಲ್ಲಿ ಹಸು, ಕುದುರೆ, ಮನುಷ್ಯ, ಆನೆ ಎಂಬುದು ನಿರ್ದುಷ್ಟವಾದ ಮಾತು. ಆದರೆ ನಡುವಣ ಚಿಹ್ನೆಗಳು ಒಂದೂ ತಪ್ಪಬಾರದು. ಒಂದು ತಪ್ಪಿದರೆ ಯಂತ್ರವು ಓದುವುದನ್ನು ಅಲ್ಲಿಗೇ ನಿಲ್ಲಿಸಿ, ಒಂದು ಸಾಲಿನ ಆಕ್ಷೇಪವನ್ನು ಹೊರಡಿಸುತ್ತದೆ. ಈ ಆಕ್ಷೇಪವನ್ನು ನಾನು ದೋಷವಾಕ್ಯವೆಂದು ಕರೆಯುತ್ತೇನೆ. ದೋಷವಾಕ್ಯವನ್ನು ಒಂದು ಪಠ್ಯವೆಂದು ಎಣಿಸಿ, ಅದು ಏನನ್ನು ಹೇಳುತ್ತದೆ, ಯಾವುದನ್ನು ಹೇಳಿದಂತೆ ನಟಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಗಣಕಶಾಸ್ತ್ರದ ವಿಭಾಗಕ್ಕೆ ಸೇರಿದ ವಿಷಯವಲ್ಲವೇ ಎಂದು ಕೆಲವರು ಕೇಳಬಹುದು. ಸೇರಿದ್ದು ನಿಜ. ಆದರೆ ಅಲ್ಲಿ ಅದಕ್ಕೆ ಸಿಕ್ಕಿರುವ ಉಪಚಾರ ತೃಪ್ತಿಕರವಾಗಿಲ್ಲ. ಬಿ.ಸಿ.ಎ. ತರಗತಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಸರಣಿಯ ವಾಕ್ಯರಚನಾದೋಷಕ್ಕೆ ಸಾಮಾನ್ಯವಾಗಿ ಎರಡು ಪಂಕ್ತಿಗಳಿಗಿಂತ ಹೆಚ್ಚು ಜಾಗ ದೊರೆಯುವುದಿಲ್ಲ. ಆ ಪಂಕ್ತಿಗಳೂ ಅಜಾಗರೂಕತೆಯನ್ನು ಕುರಿತ ಉಪದೇಶವಾಗಿರುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯಿಂದ ಬರುವ, ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಯು ಈ ದೋಷವಾಕ್ಯವನ್ನು ಕಂಡಾಗ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾನೆ: ತನಗೆ ಇಂಗ್ಲಿಷ್ ಸಾಲದು, ಇಲ್ಲವೆ ಯಂತ್ರಕ್ಕೆ ಹುಚ್ಚು. ಎರಡೂ ತಪ್ಪು ತೀರ್ಮಾನಗಳು. ತೊಡಕಿರುವುದು ಅವನ ಇಂಗ್ಲಿಷಿನಲ್ಲಲ್ಲ. ಆ ವಾಕ್ಯವನ್ನು ಯಾರು, ಯಾವ ನಿಲುವಿನಿಂದ ನುಡಿಯುತ್ತಿದ್ದಾರೆ ಎಂಬುದನ್ನು ಯಾರೂ ಅವನಿಗೆ ತಿಳಿಸದಿರುವುದರಲ್ಲಿ.

ಪಿಎಚ್‌ಪಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರಾಸ್ಮಸ್ ಲೆರ್ಡಾರ್ಫ್ ಎಂಬವರು 1995ರಲ್ಲಿ ಪ್ರಕಟಿಸಿದ ಈ ಭಾಷೆಗೆ ನಮ್ಮ ದೃಷ್ಟಿಯಿಂದ ಒಂದು ವಿಶೇಷ ಗುಣವಿದೆ. ಚರಗಳಿಗೆ ಕೊಡುವ ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೂ ಅದು ಬೇಸರಿಸುವುದಿಲ್ಲ. ಆದುದರಿಂದ ಕೆಳಗಿನದು ಅನುವಾದವಲ್ಲ, ಯಂತ್ರವು ಹೀಗೆಯೇ ಓದಬಲ್ಲ ಶುದ್ಧ ವಾಕ್ಯ:

$ತಾಲೂಕುಗಳು = [
    'ಕುಂದಾಪುರ',
    'ಬೈಂದೂರು',
    'ಬ್ರಹ್ಮಾವರ'
];

ಚೌಕಾವರಣದ ಈ ಹ್ರಸ್ವರೂಪ 2012ರಲ್ಲಿ ಹೊರಬಂದ ಪಿಎಚ್‌ಪಿ 5.4ರಿಂದ ರೂಢಿಗೆ ಬಂತು. ಅದಕ್ಕೆ ಮೊದಲು ‘ಅರೇ’ ಎಂಬ ಪದವನ್ನು ಬರೆದು ದುಂಡಾವರಣವನ್ನು ಹಾಕಬೇಕಾಗಿತ್ತು. ಇನ್ನು ಎರಡನೆಯ ಊರಿನ ಮುಂದಿನ ಅಲ್ಪವಿರಾಮವನ್ನು ತೆಗೆದುಬಿಡೋಣ:

$ತಾಲೂಕುಗಳು = [
    'ಕುಂದಾಪುರ',
    'ಬೈಂದೂರು'
    'ಬ್ರಹ್ಮಾವರ'
];

ಯಂತ್ರವು ಕೊಡುವ ದೋಷವಾಕ್ಯದ ತಾತ್ಪರ್ಯ ಇಷ್ಟು: ನಾಲ್ಕನೆಯ ಸಾಲಿನಲ್ಲಿ ‘ಬ್ರಹ್ಮಾವರ’ ಎಂಬ ಪದಪುಂಜ ಅನಿರೀಕ್ಷಿತ, ನಿರೀಕ್ಷಿಸಿದ್ದು ಮುಚ್ಚುವ ಚೌಕಾವರಣ. ಇದರಲ್ಲಿ ಎರಡು ಸಂಗತಿಗಳು ಕೂಡಲೇ ಗಮನಕ್ಕೆ ಬರುತ್ತವೆ. ತಪ್ಪು ಇರುವುದು ಮೂರನೆಯ ಸಾಲಿನ ಕೊನೆಯಲ್ಲಿ. ದೂರು ಬಂದಿರುವುದು ನಾಲ್ಕನೆಯ ಸಾಲಿನ ಮೇಲೆ. ಬಿಟ್ಟುಹೋಗಿರುವುದು ಅಲ್ಪವಿರಾಮ, ಕೇಳುತ್ತಿರುವುದು ಆವರಣವನ್ನು. ದೋಷವಾಕ್ಯದ ಮಾತನ್ನು ನಂಬಿ ವಿದ್ಯಾರ್ಥಿಯು ಬ್ರಹ್ಮಾವರದ ಮೊದಲು ಆವರಣವನ್ನು ಮುಚ್ಚಿದನೆನ್ನಿ. ಒಂದು ತಪ್ಪಿನ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ, ಬ್ರಹ್ಮಾವರವು ಪಟ್ಟಿಯ ಹೊರಗೆ ಬೀಳುತ್ತದೆ. ವಿಧೇಯನಾದ ವಿದ್ಯಾರ್ಥಿಗೆ ಹೆಚ್ಚು ಕೇಡು ಮಾಡುವ ವಾಕ್ಯವಿದು.

ಮೊದಲನೆಯದಕ್ಕೆ ಕಾರಣ ಸುಲಭ. ಯಂತ್ರದ ಓದುಗನಾದ ಪಾರ್ಸರ್ ಪದದಿಂದ ಪದಕ್ಕೆ ಮುಂದೆ ನಡೆಯುತ್ತದೆ. ಸಾಲು ಮುಗಿಯಿತೆಂಬುದು ಅದಕ್ಕೆ ಒಂದು ಸಂಗತಿಯೇ ಅಲ್ಲ. ಬಿಡುವೂ ಸಾಲುಕೊನೆಯೂ ಅದರ ಪಾಲಿಗೆ ಒಂದೇ. ‘ಬೈಂದೂರು’ ಆದಮೇಲೆ ಏನೂ ಬಾರದಿದ್ದುದನ್ನು ಅದು ಕೊರತೆಯೆಂದು ತಿಳಿಯಲಾರದು, ಮುಂದಿನ ಪದವನ್ನು ಮುಟ್ಟಿದಾಗಲೇ ಅದಕ್ಕೆ ಎಡವುವುದು. ಕಲ್ಲು ಇದ್ದಲ್ಲಿ ಎಡವುವುದು ಲೋಕರೂಢಿ. ಇಲ್ಲಿ ಕಲ್ಲು ಇಲ್ಲದಿರುವುದರಿಂದಲೇ ಎಡವುವುದು, ಅದೂ ಒಂದು ಹೆಜ್ಜೆ ಮುಂದೆ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. ‘ಬೈಂದೂರು’ ಎಂಬ ಪದವನ್ನು ಓದಿ ಮುಗಿಸಿದಾಗ ಪಾರ್ಸರಿಗೆ ಹಲವು ದಾರಿಗಳು ತೆರೆದಿರುತ್ತವೆ: ಅಲ್ಪವಿರಾಮ ಬರಬಹುದು, ಬಾಣದ ಗುರುತು ಬರಬಹುದು, ಪದಗಳನ್ನು ಕೂಡಿಸುವ ಬಿಂದು ಬರಬಹುದು, ಆವರಣ ಮುಚ್ಚಬಹುದು. ಬಂದ ಪದ ಇವುಗಳಲ್ಲಿ ಯಾವುದೂ ಅಲ್ಲವೆಂದು ಕಂಡಾಗ ಪಾರ್ಸರ್ ತಕ್ಷಣ ಕೂಗಿಕೊಳ್ಳುವುದಿಲ್ಲ. ವ್ಯಾಕರಣದ ಕೋಷ್ಟಕವು ಅದಕ್ಕೆ ಒಂದು ಸಹಜಕ್ರಮವನ್ನು ವಿಧಿಸಿರುತ್ತದೆ: ಬೇರೆ ಗತಿಯಿಲ್ಲದಿದ್ದರೆ ಇಲ್ಲಿಯವರೆಗಿನದನ್ನು ಮುಗಿದ ಪಟ್ಟಿಯೆಂದು ಕಟ್ಟಿಬಿಡು. ಪಾರ್ಸರ್ ಹಾಗೆಯೇ ಕಟ್ಟುತ್ತದೆ. ಪಟ್ಟಿ ಮುಗಿಯಿತೆಂದು ನಿಶ್ಚಯವಾದ ಮೇಲೆ ಅಲ್ಪವಿರಾಮಕ್ಕೆ ಎಡೆ ಎಲ್ಲಿಯದು? ಉಳಿಯುವ ಆಕಾಂಕ್ಷೆ ಒಂದೇ, ಮುಚ್ಚುವ ಆವರಣ. ಆ ಗಳಿಗೆಯಲ್ಲಿ ಅದು ಬಾಯಿ ತೆರೆಯುತ್ತದೆ. ಅದರ ಮಾತು ಸುಳ್ಳಲ್ಲ. ತನ್ನ ಆಗಿನ ಸ್ಥಿತಿಯನ್ನು ಅದು ಪ್ರಾಮಾಣಿಕವಾಗಿಯೇ ಹೇಳಿದೆ. ಆದರೆ ಬರೆದವನ ತಪ್ಪೇನೆಂಬುದನ್ನು ಅದು ಹೇಳಿಲ್ಲ, ಹೇಳಲು ಅದಕ್ಕೆ ತಿಳಿದೂ ಇಲ್ಲ. ದೋಷವಾಕ್ಯವು ಓದುಗನ ಆಕಾಂಕ್ಷೆಯ ಹೇಳಿಕೆ; ಲೇಖಕನ ಪ್ರಮಾದದ ವರದಿಯಲ್ಲ. ಇದನ್ನು ತರಗತಿಯಲ್ಲಿ ಮೊದಲ ದಿನವೇ ಹೇಳಿಕೊಟ್ಟರೆ ಅಜಾಗರೂಕತೆಯ ಉಪದೇಶ ಅರ್ಧಕ್ಕರ್ಧ ಅನಾವಶ್ಯಕವಾಗುತ್ತದೆ.

ಈ ಮಾತಿಗೆ ಇನ್ನಷ್ಟು ಪ್ರಮಾಣ ಬೇಕಾದರೆ ಬೇರೆ ತಪ್ಪುಗಳನ್ನು ಮಾಡಿ ನೋಡಬಹುದು. ತಾಲೂಕಿನ ಹೆಸರಿಗೆ ವರ್ಷವನ್ನು ಜೋಡಿಸುವ ಸರಣಿಯನ್ನು ಬರೆಯುವಾಗ ಸರಿಯಾದ ರೂಪ 'ಬೈಂದೂರು' => 2018 ಎಂದಿರಬೇಕು. ಬಾಣವನ್ನು ಬಿಟ್ಟು ಬರಿಯ ಸಮಚಿಹ್ನೆಯನ್ನು ಹಾಕಿದರೆ, ಸಮಚಿಹ್ನೆ ಅನಿರೀಕ್ಷಿತ, ನಿರೀಕ್ಷಿಸಿದ್ದು ಆವರಣ. ಜಾವಾಸ್ಕ್ರಿಪ್ಟಿನ ಅಭ್ಯಾಸಬಲದಿಂದ ವಿವರಣಚಿಹ್ನೆಯನ್ನು ಹಾಕಿದರೆ, ವಿವರಣಚಿಹ್ನೆ ಅನಿರೀಕ್ಷಿತ, ನಿರೀಕ್ಷಿಸಿದ್ದು ಆವರಣ. ಅಲ್ಪವಿರಾಮಕ್ಕೆ ಬದಲು ಅರ್ಧವಿರಾಮ ಬಿದ್ದರೂ ಅದೇ ಉತ್ತರಾರ್ಧ. ನಿಜವಾಗಿಯೂ ಆವರಣವನ್ನೇ ಮರೆತು ಅರ್ಧವಿರಾಮವನ್ನು ಹಾಕಿದರೂ ಅದೇ. ಆಗ ಮಾತ್ರ ಅದು ಕಾಕತಾಳೀಯವಾಗಿ ನಿಜವಾಗುತ್ತದೆ. ರೋಗ ಯಾವುದಾದರೂ ಒಂದೇ ಕಷಾಯವನ್ನು ಬರೆದುಕೊಡುವ ವೈದ್ಯನಂತೆ ದೋಷವಾಕ್ಯದ ಉತ್ತರಾರ್ಧ ವರ್ತಿಸುತ್ತದೆ. ಪೂರ್ವಾರ್ಧ ಹಾಗಲ್ಲ. ಅನಿರೀಕ್ಷಿತವಾದುದು ಯಾವುದು ಎಂಬ ಭಾಗ ಪ್ರತಿಸಲವೂ ಬೇರೆಬೇರೆಯಾಗಿದ್ದು ಪ್ರತಿಸಲವೂ ನಂಬಿಕೆಗೆ ಅರ್ಹವಾಗಿದೆ. ಆದುದರಿಂದ ಓದುವ ಕ್ರಮವಿದು: ಪೂರ್ವಾರ್ಧದಲ್ಲಿ ಹೆಸರಿಸಿದ ಪದವನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು, ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಉತ್ತರಾರ್ಧವನ್ನು ಸದ್ಯಕ್ಕೆ ಕೇಳದಂತೆ ಇರುವುದು ಲೇಸು.

ಹಿಂದಕ್ಕೆ ನಡೆಯುವ ಈ ಕ್ರಮ ಕನ್ನಡ ಅಧ್ಯಾಪಕರಿಗೆ ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಸಂಪಾದಿಸುವವರು ಮಾಡುತ್ತ ಬಂದಿರುವುದು ಇದನ್ನೇ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯನ್ನು 1964ರಲ್ಲಿ ಪ್ರಕಟಿಸಿದ ಮೇಲೆ ಈ ಶಾಸ್ತ್ರ ನಮ್ಮ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿಯೇ ದೊರೆಯುವಂತಾಯಿತು. ಛಂದಸ್ಸು ಕೆಟ್ಟಿರುವುದು ಒಂದು ಪಾದದ ಕೊನೆಯಲ್ಲಿ ಗೊತ್ತಾಗುತ್ತದೆ. ಲಿಪಿಕಾರನು ಅಕ್ಷರವನ್ನು ನುಂಗಿರುವುದು ಅದಕ್ಕೂ ಹಿಂದೆ ಎಲ್ಲಿಯೋ. ಒಂದೇ ಬಗೆಯ ಅಂತ್ಯವುಳ್ಳ ಎರಡು ಸಾಲುಗಳ ನಡುವೆ ಲಿಪಿಕಾರನ ಕಣ್ಣು ಜಾರಿ ನಡುವಣದು ಬಿಟ್ಟುಹೋಗುವುದೂ ಸಂಪಾದಕರಿಗೆ ಚಿರಪರಿಚಿತ. ಸರಣಿಯಲ್ಲಿ ಪ್ರತಿ ಸಾಲೂ ಉದ್ಧರಣಚಿಹ್ನೆ, ಅಲ್ಪವಿರಾಮಗಳಿಂದಲೇ ಮುಗಿಯುವುದರಿಂದ ಕಣ್ಣು ಜಾರಲು ಅದಕ್ಕಿಂತ ತಕ್ಕ ಸ್ಥಳವಿಲ್ಲ. ಇದನ್ನು ಮನೋಧರ್ಮದ ದೋಷವೆಂದು ಬೈಯುವುದಕ್ಕಿಂತ ಲಿಪಿಕಾರದೋಷವೆಂದು ವರ್ಗೀಕರಿಸುವುದು ಹೆಚ್ಚು ಶಾಸ್ತ್ರೀಯವಾದುದು.

ಆದರೂ ಅಲ್ಪವಿರಾಮವೇ ಏಕೆ ಇಷ್ಟು ಸಲ ಬಿಟ್ಟುಹೋಗುತ್ತದೆ? ಕನ್ನಡ ಬರೆಹಗಾರನ ವಿಷಯದಲ್ಲಿ ಇದಕ್ಕೊಂದು ಭಾಷಿಕ ಕಾರಣವಿರಬಹುದೆಂದು ನನಗೆ ತೋರುತ್ತದೆ. ಇಂಗ್ಲಿಷ್ ಮಾದರಿಯ ವಿರಾಮಚಿಹ್ನೆಗಳು ನಮ್ಮಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಮುದ್ರಣದೊಡನೆ. ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದು 1843ರಲ್ಲಿ. ಅದಕ್ಕೂ ಮೊದಲಿನ ಸಾವಿರ ವರ್ಷಗಳ ಕಾಲ ಕನ್ನಡವು ಪಟ್ಟಿಗಳನ್ನು ಅಲ್ಪವಿರಾಮವಿಲ್ಲದೆಯೇ ಬರೆದು ಕೆಡದೆ ಉಳಿಯಿತು. ಹಳಗನ್ನಡದ ‘ಉಂ’, ಹೊಸಗನ್ನಡದ ‘ಊ’ ಎಂಬ ಸಮುಚ್ಚಯದ ಗುರುತು ಆ ಕೆಲಸವನ್ನು ಮಾಡುತ್ತಿತ್ತು. ಕುಂದಾಪುರವೂ ಬೈಂದೂರೂ ಬ್ರಹ್ಮಾವರವೂ ಎಂದಾಗ ಒಂದು ಸದಸ್ಯ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂಬ ಸಂಶಯಕ್ಕೆ ಎಡೆಯೇ ಇಲ್ಲ. ನಾವು ಈಗ ಬರೆಯುವ ಅಲ್ಪವಿರಾಮ ಉಸಿರು ತೆಗೆದುಕೊಳ್ಳಲು ಇಟ್ಟ ಜಾಗ. ಅದನ್ನು ಅಳಿಸಿದರೂ ಅರ್ಥ ಬಹುಮಟ್ಟಿಗೆ ನಿಲ್ಲುತ್ತದೆ. ಸರಣಿಯ ಅಲ್ಪವಿರಾಮ ಹಾಗಲ್ಲ. ಅದು ಹೆಸರಿಗಷ್ಟೇ ವಿರಾಮ, ಕಾರ್ಯದಲ್ಲಿ ಪ್ರತ್ಯಯ. ‘ಇದನ್ನು ಅಲ್ಪವಿರಾಮವೆಂದು ಎಣಿಸಬೇಡಿ, ಊಕಾರವೆಂದು ಎಣಿಸಿ’ ಎಂದು ಹೇಳಿದರೆ ಕನ್ನಡದ ವಿದ್ಯಾರ್ಥಿಗೆ ಅದರ ತೂಕ ಕೂಡಲೇ ತಿಳಿದೀತು.

ಈ ಹೋಲಿಕೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ಇಂಗ್ಲಿಷಿನ ಪಟ್ಟಿಯಲ್ಲಿ ಕೊನೆಯ ಸದಸ್ಯದ ಮುಂದೆ ಚಿಹ್ನೆ ಇರುವುದಿಲ್ಲ. ಕನ್ನಡದಲ್ಲಿ ಕೊನೆಯದಕ್ಕೂ ಊಕಾರ ಬೇಕೇ ಬೇಕು. ‘ಕುಂದಾಪುರವೂ ಬೈಂದೂರೂ ಬ್ರಹ್ಮಾವರ’ ಎಂದು ಯಾರೂ ನಿಲ್ಲಿಸುವುದಿಲ್ಲ. (ಮೂರನೆಯದರ ಹಿಂದೆ ‘ಮತ್ತು’ ಎಂದು ತುರುಕುವ ಇಂದಿನ ರೂಢಿ ಇಂಗ್ಲಿಷಿನ ನೆರಳೆಂಬುದನ್ನು ಇಲ್ಲಿ ಹೇಳಿ ಮುಂದುವರಿಯುತ್ತೇನೆ.) ಪಿಎಚ್‌ಪಿಯ ಸರಣಿಯು ಕೊನೆಯ ಸದಸ್ಯದ ಮುಂದೆಯೂ ಅಲ್ಪವಿರಾಮವನ್ನು ಒಪ್ಪುತ್ತದೆ. ಇಂಗ್ಲಿಷ್ ಓದಿದ ಕಣ್ಣಿಗೆ ಅದು ಕಸದಂತೆ ಕಾಣುತ್ತದೆ, ಎಷ್ಟೋ ಅಧ್ಯಾಪಕರು ಅದನ್ನು ಹೊಡೆದುಹಾಕಿಸುತ್ತಾರೆ. ಕನ್ನಡದ ಸಮುಚ್ಚಯಕ್ಕೆ ಒಗ್ಗಿದವರಿಗೆ ಅದೇ ಸಹಜವಾದ ರೂಪ.

ಸಹಜವಷ್ಟೇ ಅಲ್ಲ, ಕ್ಷೇಮಕರವೂ ಹೌದು. ಉಡುಪಿ ಜಿಲ್ಲೆಯ ಇತಿಹಾಸವನ್ನೇ ನೋಡಬಹುದು. 1997ರ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಈ ಜಿಲ್ಲೆಗೆ ಇದ್ದುದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳು. 2018ರಲ್ಲಿ ಕುಂದಾಪುರದಿಂದ ಬೈಂದೂರೂ ಉಡುಪಿಯಿಂದ ಬ್ರಹ್ಮಾವರವೂ ಪ್ರತ್ಯೇಕ ತಾಲೂಕುಗಳಾಗಿ, ಕಾಪು ಹೆಬ್ರಿಗಳೂ ಸೇರಿ, ಒಟ್ಟು ಸಂಖ್ಯೆ ಏಳಾಯಿತು. ಮೂರು ತಾಲೂಕುಗಳ ಕಾಲದಲ್ಲಿ ಬರೆದ ಒಂದು ಸರಣಿಯನ್ನು ಊಹಿಸಿಕೊಳ್ಳೋಣ. ಕೊನೆಯ ಸಾಲು 'ಕಾರ್ಕಳ' ಎಂದು ಅಲ್ಪವಿರಾಮವಿಲ್ಲದೆ ನಿಂತಿದೆ. ವರ್ಷಗಟ್ಟಲೆ ಅದು ನಿರ್ದುಷ್ಟವಾಗಿತ್ತು. 2018ರಲ್ಲಿ ಒಬ್ಬನು ಅದರ ಕೆಳಗೆ ಹೊಸ ನಾಲ್ಕು ಸಾಲುಗಳನ್ನು ಎಚ್ಚರಿಕೆಯಿಂದಲೇ ಬರೆಯುತ್ತಾನೆ. ಅವುಗಳಲ್ಲಿ ಒಂದು ತಪ್ಪೂ ಇಲ್ಲ. ಆದರೂ ಪುಟ ಒಡೆಯುತ್ತದೆ, ದೋಷವಾಕ್ಯವು ಹೊಸದಾಗಿ ಬರೆದ ಮೊದಲ ಸಾಲಿನ ಮೇಲೆ ಅಪವಾದ ಹೊರಿಸುತ್ತದೆ. ಅಪರಾಧಿಯಾದ ಸಾಲು ಹಳೆಯದು, ಅದು ತಾನಾಗಿ ಏನನ್ನೂ ಮಾಡಿಲ್ಲ. ತನ್ನ ಮುಂದೆ ಇನ್ನೊಂದು ಬಂದುದರಿಂದ ಮಾತ್ರ ಅಪರಾಧಿಯಾಯಿತು. ದೋಷವಿರುವುದು ಹಳತಿನಲ್ಲೂ ಅಲ್ಲ, ಹೊಸತಿನಲ್ಲೂ ಅಲ್ಲ, ಅವೆರಡರ ಸಂಧಿಯಲ್ಲಿ. ಕೊನೆಯ ಊಕಾರವನ್ನು ಮೊದಲೇ ಬರೆದಿಟ್ಟಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ.

ಕನ್ನಡ ಪದಗಳು ಪಿಎಚ್‌ಪಿ ಸರಣಿಗಳಲ್ಲಿ ನಿಜವಾಗಿ ನೆಲೆಸಿರುವುದಕ್ಕೆ ದೊಡ್ಡ ನಿದರ್ಶನವೆಂದರೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯಲ್ಲಿ ರಚಿತವಾದುದು. ‘ವಿಶೇಷ’, ‘ಸದಸ್ಯ’, ‘ವರ್ಗ’, ‘ಸಹಾಯ’ ಎಂಬ ಅಲ್ಲಿನ ವಿಭಾಗನಾಮಗಳು ಒಂದು ಸರಣಿಯ ಸದಸ್ಯಗಳು. ಪುಟದಲ್ಲಿ ಕಾಣುವ ಇತರ ಕನ್ನಡ ಸೂಚನೆಗಳೂ ಮೊದಲು ಅಂಥ ಸರಣಿಗಳಲ್ಲೇ ಇದ್ದು, 2014ರಲ್ಲಿ ಜೇಸನ್ ಎಂಬ ದತ್ತಾಂಶರೂಪಕ್ಕೆ ವರ್ಗಾವಣೆಗೊಂಡವು. ಜೇಸನ್ನಿನ ವ್ಯಾಕರಣ ಹೆಚ್ಚು ಬಿಗಿಯಾದುದು: ಕೊನೆಯ ಸದಸ್ಯದ ಮುಂದೆ ಅಲ್ಪವಿರಾಮ ಅಲ್ಲಿ ನಿಷಿದ್ಧ. ಒಂದೆಡೆ ಗುಣವಾದುದು ಇನ್ನೊಂದೆಡೆ ದೋಷವಾಗುವುದು ಹೀಗೆ. ಅಲ್ಲದೆ ಜೇಸನ್ ಪಠ್ಯವೊಂದನ್ನು ಪಿಎಚ್‌ಪಿಗೆ ಓದಲು ಕೊಟ್ಟು, ಅದು ಓದಲಾಗದೆ ಹೋದಾಗ ಕಾರಣವನ್ನು ಕೇಳಿದರೆ, ದೊರೆಯುವ ಉತ್ತರ ‘ವಾಕ್ಯರಚನಾದೋಷ’ ಎಂಬ ಅರ್ಥದ ಎರಡೇ ಪದ. ಸಾಲಿನ ಸಂಖ್ಯೆಯೂ ಇಲ್ಲ. ಇದಕ್ಕೆ ಹೋಲಿಸಿದರೆ ನಾವು ಮೇಲೆ ಆಕ್ಷೇಪಿಸಿದ ದೋಷವಾಕ್ಯ ವಾಚಾಳಿಯೆನಿಸುತ್ತದೆ.

ಇನ್ನು ಉದ್ಧರಣಚಿಹ್ನೆಗಳ ವಿಚಾರ. ಮುಚ್ಚುವ ಚಿಹ್ನೆಯನ್ನು ಮರೆತರೆ ಪಾರ್ಸರ್ ಮುಂದಿನ ಸಾಲಿನ ತೆರೆಯುವ ಚಿಹ್ನೆಯನ್ನೇ ಮುಚ್ಚುವ ಚಿಹ್ನೆಯೆಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಒಳಗಿನದು ಹೊರಗೆ, ಹೊರಗಿನದು ಒಳಗೆ. 'ಬೈಂದೂರು, ಎಂದು ಬರೆದು ಬಿಟ್ಟರೆ ಬ್ರಹ್ಮಾವರವು ಉದ್ಧರಣದಿಂದ ಹೊರಬಿದ್ದು ಬರಿಯ ಹೆಸರಾಗಿ ನಿಲ್ಲುತ್ತದೆ, ದೂರು ಅದರ ಮೇಲೆ ಬರುತ್ತದೆ. ಇಲ್ಲಿಯೂ ಹಿಂದಕ್ಕೆ ನಡೆಯುವ ಕ್ರಮವೇ ಗತಿ.

ಆದರೆ ಕನ್ನಡ ಬರೆಯುವವರನ್ನು ವಿಶೇಷವಾಗಿ ಕಾಡುವ ತೊಡಕು ಬೇರೆಯದು. ಊರುಗಳ ಪಟ್ಟಿಯನ್ನು ಬೆರಳಚ್ಚಿನ ತಂತ್ರಾಂಶದಲ್ಲಿ ಸಿದ್ಧಪಡಿಸಿ ಅಲ್ಲಿಂದ ನಕಲು ಮಾಡಿದಾಗ ನೇರ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಮಾರ್ಪಟ್ಟಿರುತ್ತವೆ. ಕಣ್ಣಿಗೆ ಬಾಗಿದವೇ ಅಂದ. ಪಿಎಚ್‌ಪಿ ಅವುಗಳನ್ನು ಉದ್ಧರಣಚಿಹ್ನೆಗಳೆಂದು ಗುರುತಿಸುವುದಿಲ್ಲ. ಅಚ್ಚರಿಯೆಂದರೆ, ವಾಕ್ಯರಚನಾದೋಷವೆಂದೂ ಹೇಳುವುದಿಲ್ಲ. ಕಾರಣವಿದು: ಪಿಎಚ್‌ಪಿ ಅಕ್ಷರಗಳನ್ನು ಓದುವುದಿಲ್ಲ, ಬೈಟುಗಳನ್ನು ಓದುತ್ತದೆ, 127ಕ್ಕಿಂತ ದೊಡ್ಡದಾದ ಬೈಟುಗಳೆಲ್ಲ ಅದಕ್ಕೆ ಹೆಸರಿನಲ್ಲಿ ಬರತಕ್ಕ ಅಕ್ಷರಗಳೇ. ಕನ್ನಡದ ಹೆಸರುಗಳನ್ನು ಅದು ಒಪ್ಪುವುದು ಈ ಔದಾರ್ಯದಿಂದಲೇ, ಇದೇ ಔದಾರ್ಯದಿಂದ ಬಾಗಿದ ಚಿಹ್ನೆಯೂ ಅದರ ಪಾಲಿಗೆ ಒಂದು ಅಕ್ಷರ. ಹೀಗಾಗಿ ‘ಕುಂದಾಪುರ’ ಎಂಬುದು ಚಿಹ್ನೆಗಳ ಸಮೇತ ಒಂದು ಅಖಂಡ ಹೆಸರಾಗಿ, ಸ್ಥಿರಾಂಕವೊಂದರ ಹೆಸರೆಂದು ಗ್ರಹಿಸಲ್ಪಡುತ್ತದೆ. ಪುಟವನ್ನು ಓಡಿಸಿದಾಗ ಅಂಥ ಸ್ಥಿರಾಂಕವನ್ನು ಯಾರೂ ನಿರೂಪಿಸಿಲ್ಲವೆಂಬ ದೂರು ಬರುತ್ತದೆ. ವಿದ್ಯಾರ್ಥಿಯು ಕುಂದಾಪುರವೆಂಬ ಹೆಸರಿನಲ್ಲಿ ತಪ್ಪನ್ನು ಹುಡುಕುತ್ತ ಕಾಲ ಕಳೆಯುತ್ತಾನೆ. ತಪ್ಪು ಹೆಸರಿನಲ್ಲಿಲ್ಲ, ಹೆಸರಿಗೆ ತೊಡಿಸಿದ ಆಭರಣದಲ್ಲಿದೆ. ‘ಬ್ರಹ್ಮಾವರ ತಾಲೂಕು’ ಎಂದು ನಡುವೆ ಬಿಡುವಿದ್ದರೆ ಮಾತ್ರ ಎರಡು ಹೆಸರುಗಳು ಒಂದರ ಬಳಿಯಲ್ಲೊಂದು ಬಂದು ವಾಕ್ಯರಚನೆ ಕೆಡುತ್ತದೆ. ಜಾವಾಸ್ಕ್ರಿಪ್ಟ್ ಈ ವಿಷಯದಲ್ಲಿ ನೇರ: ಬಾಗಿದ ಚಿಹ್ನೆಯನ್ನು ಕಂಡ ಕೂಡಲೇ ಅಮಾನ್ಯವೆಂದು ನಿಲ್ಲಿಸುತ್ತದೆ. ಒತ್ತಕ್ಷರವನ್ನು ತಡೆಯಲು ನಾವು ಬಳಸುವ ಅದೃಶ್ಯ ಚಿಹ್ನೆಯೂ ಪಿಎಚ್‌ಪಿಯಲ್ಲಿ ಹೆಸರಿನ ಭಾಗವೇ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಕಾಗದದ ಮೇಲೆ ಒಂದೇ ರೀತಿ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಎರಡು ಬೇರೆ ವಸ್ತುಗಳು.

ಇಲ್ಲಿಯವರೆಗೆ ಹೇಳಿದವು ಕೂಗುವ ದೋಷಗಳು. ಕೂಗದ ದೋಷವೊಂದನ್ನೂ ಹೇಳಬೇಕು, ಅದು ಹೆಚ್ಚು ಅಪಾಯಕರವಾದುದು. ಸರಣಿಯೊಳಗೆ ಸರಣಿಗಳನ್ನು ಇಡುವಾಗ ನಡುವಣ ಅಲ್ಪವಿರಾಮ ಬಿಟ್ಟುಹೋದರೆ ಹೀಗಾಗುತ್ತದೆ:

$ಊರುಗಳು = [
    ['ಬಸ್ರೂರು']
    ['ಬಾರ್ಕೂರು'],
];

ಇದು ವಾಕ್ಯರಚನೆಯ ದೃಷ್ಟಿಯಿಂದ ಶುದ್ಧ. ಏಕೆಂದರೆ ಸರಣಿ ಮುಗಿದೊಡನೆ ಬರುವ ಚೌಕಾವರಣಕ್ಕೆ ‘ಆ ಸರಣಿಯಲ್ಲಿ ಈ ಹೆಸರಿನ ಸ್ಥಾನದಲ್ಲಿರುವ ಸದಸ್ಯ’ ಎಂಬ ಇನ್ನೊಂದು ಅರ್ಥವುಂಟು. ಬಸ್ರೂರನ್ನು ಒಳಗೊಂಡ ಸರಣಿಯಲ್ಲಿ ‘ಬಾರ್ಕೂರು’ ಎಂಬ ಸ್ಥಾನವನ್ನು ಪಾರ್ಸರ್ ಹುಡುಕಲು ವಿಧಿಸುತ್ತದೆ. ಓಡಿಸುವಾಗ ಅಂಥ ಸ್ಥಾನವಿಲ್ಲವೆಂಬ ಎಚ್ಚರಿಕೆಯೊಂದು ಬರುತ್ತದೆ. ಎಚ್ಚರಿಕೆಗಳನ್ನು ಮರೆಮಾಡಿದ್ದರೆ ಅದೂ ಕಾಣುವುದಿಲ್ಲ. ಕೊನೆಗೆ ಉಳಿಯುವುದು ಒಂದೇ ಒಂದು ಶೂನ್ಯ ಸದಸ್ಯ. ಇತಿಹಾಸದಲ್ಲಿ ಹೆಸರಾದ ಎರಡು ಪಟ್ಟಣಗಳು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ ಹೆಸರು ಕೊಟ್ಟ ಬಾರಕೂರೂ ಸೇರಿ, ಒಂದು ಚಿಹ್ನೆ ಬಿಟ್ಟುಹೋದುದರಿಂದ ಪಟ್ಟಿಯಿಂದ ಕಾಣೆಯಾದವು. ಪುಟ ಮಾತ್ರ ಎಂದಿನಂತೆ ತೆರೆದುಕೊಳ್ಳುತ್ತದೆ. ಪಡಿತರದ್ದಾಗಲಿ ಪರೀಕ್ಷೆಯದಾಗಲಿ ಯಾವುದಾದರೂ ಪಟ್ಟಿ ಹೀಗೆ ನಡೆದರೆ, ತಪ್ಪನ್ನು ಕಂಡುಹಿಡಿಯುವವನು ಯಂತ್ರವಲ್ಲ, ತನ್ನ ಊರಿನ ಹೆಸರನ್ನು ಕಾಣದೆ ಕಚೇರಿಗೆ ಬಂದು ನಿಂತ ಮನುಷ್ಯ. ಆಕಾಂಕ್ಷೆ ಬೇರೊಂದು ರೀತಿಯಲ್ಲಿ ಪೂರ್ಣವಾದುದೇ ಇಲ್ಲಿನ ಕೇಡು. ಯೋಗ್ಯತೆಯನ್ನು ಪರೀಕ್ಷಿಸುವ ಗೋಜಿಗೆ ಪಾರ್ಸರ್ ಹೋಗುವುದೇ ಇಲ್ಲ. ತಾಲೂಕುಗಳ ಪಟ್ಟಿಯಲ್ಲಿ ಆನೆಯನ್ನು ಸೇರಿಸಿದರೂ ಅದಕ್ಕೆ ಅಭ್ಯಂತರವಿಲ್ಲ, ಆನೆಗುಡ್ಡೆ ಕುಂದಾಪುರದ ಹತ್ತಿರವೇ ಇದೆಯಲ್ಲ. ನೈಯಾಯಿಕರ ಹೋಲಿಕೆಯನ್ನು ಈ ಗಡಿಯಿಂದ ಆಚೆಗೆ ಎಳೆಯಬಾರದು.

ದೋಷ ಸಿಕ್ಕದಿದ್ದಾಗ ಅಲ್ಲೊಂದು ಇಲ್ಲೊಂದು ಚಿಹ್ನೆಯನ್ನು ಬದಲಾಯಿಸಿ ಮತ್ತೆ ಮತ್ತೆ ಓಡಿಸಿ ನೋಡುವ ಪದ್ಧತಿ ನಮ್ಮ ಪ್ರಯೋಗಶಾಲೆಗಳಲ್ಲಿ ಪ್ರಚುರವಾಗಿದೆ. ಅದು ವಿಧಾನವಲ್ಲ, ವಿಧಿಯ ಮೇಲಣ ಭಾರ. ದೊಡ್ಡ ಸರಣಿಯ ಅರ್ಧವನ್ನು ಟಿಪ್ಪಣಿಯಾಗಿಸಿ ಮರೆಮಾಡಿ ಓದಿಸಬೇಕು. ದೋಷ ಹೋದರೆ ಮರೆಮಾಡಿದ ಭಾಗದಲ್ಲಿ, ಉಳಿದರೆ ಉಳಿದುದರಲ್ಲಿ ಅದು ಇದೆ. ಆ ಭಾಗವನ್ನು ಮತ್ತೆ ಅರ್ಧಿಸಬೇಕು. ಸಾವಿರ ಸಾಲುಗಳ ಸರಣಿಯಲ್ಲಿಯೂ ಹತ್ತು ಸಲಕ್ಕೆ ಒಂದು ಸಾಲು ಕೈಗೆ ಸಿಗುತ್ತದೆ. ಪುಟವನ್ನು ಓಡಿಸದೆಯೇ ವಾಕ್ಯರಚನೆಯನ್ನಷ್ಟೇ ಪರೀಕ್ಷಿಸುವ ಸೌಕರ್ಯವೂ ಪಿಎಚ್‌ಪಿಯಲ್ಲಿದೆ. ಅದನ್ನು ಹೇಳಿಕೊಡದೆ ಮೂರು ವರ್ಷದ ಪಾಠ ಮುಗಿಸುವುದು ಉಚಿತವಲ್ಲ.

ದೋಷವಾಕ್ಯವು ಉತ್ತಮಗೊಳ್ಳಲಾರದ ವಸ್ತುವೇನೂ ಅಲ್ಲ. ಎರಡು ಅಲ್ಪವಿರಾಮಗಳು ಒಟ್ಟಿಗೆ ಬಿದ್ದಾಗ ಸರಣಿಯಲ್ಲಿ ಬರಿದಾದ ಸದಸ್ಯವನ್ನು ಇಡಬಾರದೆಂದು ಪಿಎಚ್‌ಪಿ ಸ್ವಚ್ಛವಾಗಿ ಹೇಳುತ್ತದೆ. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8ರಲ್ಲಿ ಚೌಕಾವರಣವನ್ನು ತೆರೆದು ದುಂಡಾವರಣದಿಂದ ಮುಚ್ಚಿದರೆ ಅವೆರಡೂ ಹೊಂದುವುದಿಲ್ಲವೆಂದು ಹೆಸರಿಟ್ಟು ಹೇಳುವ ವಾಕ್ಯ ಬಂತು. ಅದಕ್ಕೆ ಮೊದಲು ದೋಷವಾಕ್ಯಗಳ ನಡುವೆ ಯಂತ್ರದ ಒಳನಾಮಗಳು ಹಾಗೆಯೇ ತೂರಿಬರುತ್ತಿದ್ದವು. ಅವುಗಳಲ್ಲಿ ಒಂದು ಬಹು ಪ್ರಸಿದ್ಧವಾದುದು: ಜೋಡಿ ವಿವರಣಚಿಹ್ನೆಗೆ ‘ಪಾಅಮಾಯಿಮ್ ನೆಕುಡೋತಾಯಿಮ್’ ಎಂಬ ಹೀಬ್ರೂ ಹೆಸರು. 1998ರ ಪಿಎಚ್‌ಪಿ 3ರ ಕರ್ತೃಗಳಾದ ಝೀವ್ ಸುರಾಸ್ಕಿ, ಆಂಡಿ ಗುಟ್‌ಮನ್ಸ್ ಇಸ್ರೇಲಿನವರು; ತಮ್ಮ ನುಡಿಯ ಪದವನ್ನು ಅವರು ಸಂಕೋಚವಿಲ್ಲದೆ ಇಟ್ಟರು. ಪ್ರಪಂಚದ ಪ್ರೋಗ್ರಾಮರುಗಳು ಎರಡು ದಶಕಗಳ ಕಾಲ ಆ ಪದವನ್ನು ಗೊಣಗುತ್ತಲಾದರೂ ಕಲಿತರು. ದೋಷವಾಕ್ಯ ಇಂಗ್ಲಿಷಿನಲ್ಲಿಯೇ ಇರಬೇಕೆಂಬುದು ನಿಸರ್ಗನಿಯಮವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಕನ್ನಡದ ದೋಷವಾಕ್ಯ ಹೇಗಿರಬೇಕು? ಇಂಗ್ಲಿಷ್ ವಾಕ್ಯವನ್ನು ಪದಶಃ ತಂದರೆ ‘ಅನಿರೀಕ್ಷಿತ ಪದಪುಂಜ, ನಿರೀಕ್ಷಿಸುತ್ತಿದೆ ಆವರಣವನ್ನು’ ಎಂಬ ವಿಕಾರವಾಗುತ್ತದೆ. ಅದು ಯಾರಿಗೂ ಉಪಕಾರಿಯಲ್ಲ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ರಚಿಸಿದಾಗ ಅನುಸರಿಸಿದ್ದು ಬೇರೆ ದಾರಿ: ವಿಷಯವನ್ನು ಅರಗಿಸಿಕೊಂಡು ಕನ್ನಡದ ವಾಕ್ಯದಲ್ಲಿ ಹೇಳುವುದು. ಕನ್ನಡದ ವಾಕ್ಯಕ್ಕೆ ಒಂದು ಅನುಕೂಲವೂ ಇದೆ. ನಮ್ಮಲ್ಲಿ ಹಿಂದೆ ಆದದ್ದು ಮೊದಲು, ಅದರಿಂದ ಆದದ್ದು ಆಮೇಲೆ, ಕ್ರಿಯಾಪದ ಕೊನೆಗೆ. ‘3ನೆಯ ಸಾಲಿನ ಬೈಂದೂರು ಆದಮೇಲೆ ಅಲ್ಪವಿರಾಮವಾಗಲಿ ಆವರಣವಾಗಲಿ ಬಾರದೆ 4ನೆಯ ಸಾಲಿನ ಬ್ರಹ್ಮಾವರ ಬಂದಿದೆ’ ಎಂಬ ವಾಕ್ಯವನ್ನು ಓದಿದವನ ಕಣ್ಣು ತಾನಾಗಿಯೇ ಮೂರನೆಯ ಸಾಲಿನ ಕೊನೆಗೆ ಹೋಗುತ್ತದೆ. ಇಂಗ್ಲಿಷಿನ ದೋಷವಾಕ್ಯ ಎಡವಿದ ಜಾಗದಿಂದ ಆರಂಭವಾಗುತ್ತದೆ. ಕನ್ನಡದ್ದು ಎಡವುವುದಕ್ಕೆ ಹಿಂದಿನ ಹೆಜ್ಜೆಯಿಂದ. ಪಾರ್ಸರಿಗೆ ಹಿಂದಿನ ಪದವೂ ಅದರ ಸಾಲೂ ತಿಳಿದೇ ಇರುವುದರಿಂದ ಇದು ಅಸಾಧ್ಯವಾದ ಬೇಡಿಕೆಯಲ್ಲ. ಇಂಥ ಹತ್ತಿಪ್ಪತ್ತು ವಾಕ್ಯಗಳನ್ನು ಸಿದ್ಧಪಡಿಸಿ, ಇಂಗ್ಲಿಷ್ ದೋಷವಾಕ್ಯಗಳ ಎದುರಿಗೆ ಅಚ್ಚು ಮಾಡಿ ಪ್ರಯೋಗಶಾಲೆಯ ಗೋಡೆಗೆ ಅಂಟಿಸುವುದಕ್ಕೆ ಯಾವ ಮಂಡಳಿಯ ಅನುಮತಿಯೂ ಬೇಕಿಲ್ಲ; ಕನ್ನಡ ವಿಭಾಗದವರೂ ಗಣಕ ವಿಭಾಗದವರೂ ಒಂದು ಮಧ್ಯಾಹ್ನ ಒಂದೇ ಮೇಜಿನ ಮುಂದೆ ಕುಳಿತರೆ ಸಾಕು.